ಟೆ ಪಾಕಿಯ ಮರಳ ಮೇಲೆ ಆಬಿದಾ

ಆಬಿದಾ ನದಾಫ್ ಕ್ಯಾಮೆರಾ ಹಿಡಿದದ್ದು ನಲವತ್ತು ದಾಟಿದ ಮೇಲೆ. ಆಕ್ಲೆಂಡಿನ ಭಾನುವಾರದ ಸಂತೆಗೆ ತರಕಾರಿ ತರಲು ಹೋದವಳು, ಹಳೆಯ ಸಾಮಾನು ಹರವಿಕೊಂಡು ಕೂತಿದ್ದ ಮುದುಕನೊಬ್ಬನ ಮುಂದೆ ತುಂಬಾ ಹೊತ್ತು ನಿಂತು, ಕೊನೆಗೆ ಮೆಂತ್ಯ ಸೊಪ್ಪಿನ ಚೀಲದ ಜೊತೆಗೆ ಒಂದು ಭಾರದ ಕಪ್ಪು ಕ್ಯಾಮೆರಾವನ್ನೂ ಹಿಡಿದುಕೊಂಡು ಮೌಂಟ್ ರಾಸ್ಕಿಲ್‌ನ ಮನೆಗೆ ಬಂದಳು.

"ಅಮ್ಮಿ, ಯು ಹ್ಯಾವ್ ಎ ಫೋನ್!" ಎಂದು ಮಗಳು ಉಮೈರಾ ನಕ್ಕಳು.

"ಫೋನಿನಾಗ ನಾ ನೋಡೂದಿಲ್ಲವ್ವಾ, ಅದ ನೋಡತೈತಿ," ಎಂದಳು ಆಬಿದಾ.

ಗಂಡ ನೂರುಲ್ಲಾ ಕ್ಯಾಮೆರಾವನ್ನು ಕೈಯಲ್ಲಿ ತೂಗಿ ನೋಡಿ ಮರಳಿ ಕೊಟ್ಟ. ಪೆನ್‌ರೋಸ್‌ನ ಗೋದಾಮಿನಲ್ಲಿ ವಾರವಿಡೀ ಫೋರ್ಕ್‌ಲಿಫ್ಟ್ ಓಡಿಸುವ ಮನುಷ್ಯ, ಹೆಂಡತಿ ಖುಷಿಯಾಗಿದ್ದಾಳೆ ಅನ್ನುವುದಷ್ಟೇ ಅವನಿಗೆ ಸಾಕಿತ್ತು. ಇಬ್ಬರೂ ರೋಣದ ಕಡೆಯವರು. ಪಿಂಜಾರ ಮನೆತನ; ಅಜ್ಜ ಮುತ್ತಜ್ಜರ ಕಾಲದಿಂದ ಮನೆಯಲ್ಲಿ ಆಡುವುದು ಕನ್ನಡವೇ. ಆಬಿದಾಳ ಅಪ್ಪ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಹಿಂಜುವಾಗ ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಎಳೆಗಳು ಹಾರಾಡುವುದನ್ನು ನೋಡುತ್ತಾ ಅವಳು ಶಾಲೆಗೆ ಹೋಗುವುದನ್ನೂ ಮರೆತು ಕೂರುತ್ತಿದ್ದಳಂತೆ. ಆಗಿನಿಂದಲೂ ಓರೆ ಬಿಸಿಲೆಂದರೆ ಅವಳಿಗೆ ಜೀವ.

ವೃದ್ಧಾಶ್ರಮವೊಂದರಲ್ಲಿ ಮುದುಕ ಮುದುಕಿಯರ ಆರೈಕೆ ಅವಳ ಕೆಲಸ. ಬೆಳಗಿನ ಪಾಳಿಗೆ ಹೋಗುವಾಗ ಬಸ್ ನಿಲ್ದಾಣದಲ್ಲಿ, ಪಾಳಿ ಮುಗಿಸಿ ಬರುವಾಗ ಬೇಲಿಯ ಮೇಲೆ, ಎಲ್ಲಿ ಬಿಸಿಲು ಬಾಗಿ ಬಿದ್ದರೂ ಕ್ಯಾಮೆರಾ ಹೊರಬರುತ್ತಿತ್ತು. ಬೇಸಿಗೆಯ ಬಿಸಿಲು ಅವಳಿಗೆ ಹಿಡಿಸದು. "ಬ್ಯಾಸಗ್ಯಾಗ ಸೂರ್ಯ ನೆತ್ತಿ ಮ್ಯಾಲ ನಿಂತ ಬೈತಾನ. ಚಳಿಗಾಲದಾಗ ಬಗ್ಗಿ ಮಾತಾಡಸ್ತಾನ," ಅನ್ನುತ್ತಿದ್ದಳು. ದೇಶದ ಉತ್ತರ ತುದಿಯಲ್ಲಿ, ಟೆ ಪಾಕಿ ಎಂಬಲ್ಲಿ, ಮರುಭೂಮಿಯಂಥ ಮರಳ ದಿಬ್ಬಗಳಿವೆ ಎಂದು ಯಾರೋ ಹೇಳಿದಂದಿನಿಂದ, ಅವುಗಳನ್ನು ಅಲ್ಲಿನ ಚಳಿಗಾಲವಾದ ಜುಲೈ ತಿಂಗಳ ಇಳಿಬಿಸಿಲಿನಲ್ಲಿ ತೆಗೆಯಬೇಕೆಂಬ ಆಸೆ ಹುಟ್ಟಿತು. ಒಂದು ವರ್ಷ ರಜೆ ಸಿಗಲಿಲ್ಲ. ಮರುವರ್ಷ ಹೋಗಲು ಎಲ್ಲ ಸಿದ್ಧವಾಗಿತ್ತು, ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು.

ಅದೊಂದು ಬೆಳಿಗ್ಗೆ ಅಜ್ಜಿಯೊಬ್ಬರಿಗೆ ತಲೆ ಬಾಚುತ್ತಿದ್ದಾಗ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಯಿತು. ಸ್ವಲ್ಪ ಹೊತ್ತಿಗೆ ಬದಿಯಿಂದ ಒಂದು ಕಪ್ಪು ಪರದೆ ಮೆಲ್ಲಗೆ ಸರಿಯತೊಡಗಿತು. ಅಜ್ಜಿಯ ಅರ್ಧ ಮುಖ ಅದರ ಹಿಂದೆ ಹೋಯಿತು. ಕಣ್ಣಿನ ಹಿಂಬದಿಯ ಪದರ ಬಿಟ್ಟುಕೊಂಡಿದೆ, ಇವತ್ತೇ ಶಸ್ತ್ರಚಿಕಿತ್ಸೆ ಆಗಬೇಕು ಎಂದರು ಆಸ್ಪತ್ರೆಯಲ್ಲಿ. ಕಣ್ಣೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟು, ಅದು ಪದರವನ್ನು ಒತ್ತಿ ಹಿಡಿಯಲೆಂದು ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡಿರಲು ಹೇಳಿ ಕಳಿಸಿದರು.

ಆಬಿದಾ ನೆಲ ನೋಡುತ್ತಲೇ ಉಂಡಳು, ನೆಲ ನೋಡುತ್ತಲೇ ಮಾತಾಡಿದಳು. ಆ ದಿನಗಳಲ್ಲಿ ನೂರುಲ್ಲಾ ಕೆಲಸದಿಂದ ಬಂದವನೇ ಅವಳ ಕುರ್ಚಿಯ ಮುಂದೆ ಚಾಪೆಯ ಮೇಲೆ ಮಲಗಿಬಿಡುತ್ತಿದ್ದ. "ಯಾಕ್ರೀ?" ಎಂದರೆ, "ಮತ್ತ ನನ್ನ ಮುಖಾ ಎಲ್ಲಿ ನೋಡ್ತಿ?" ಅನ್ನುತ್ತಿದ್ದ.

ಗುಳ್ಳೆ ಕರಗಿತು, ನೋಟ ಮರಳಿತು. ಆದರೆ ಹೆದರಿಕೆ ಕರಗಲಿಲ್ಲ. "ಮತ್ತೆ ಪರದೆ ಕಂಡರೆ ಒಂದು ಗಳಿಗೆಯೂ ಕಾಯಬೇಡಿ," ಎಂದಿದ್ದರು ಡಾಕ್ಟರಮ್ಮ. ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಬಾಗಿಲ ಸಂದಿಯ ಕತ್ತಲೆಗೆ, ಜಾರಿಬಿದ್ದ ಕೂದಲಿಗೆ, ದುಪಟ್ಟಾದ ಅಂಚಿಗೆ ಬೆಚ್ಚಿಬಿದ್ದು ಗಳಿಗೆಗೊಮ್ಮೆ ಕಣ್ಣು ಮುಚ್ಚಿ ತೆಗೆದು ಪರೀಕ್ಷೆ ಮಾಡಿಕೊಳ್ಳುವಳು. ಕ್ಯಾಮೆರಾ ಕಪಾಟಿನಿಂದ ಹೊರಬರಲಿಲ್ಲ. ಅದರ ಕಿಂಡಿಗೆ ಅವಳು ಒಡ್ಡುತ್ತಿದ್ದದ್ದು ಬಲಗಣ್ಣನ್ನೇ. ಎಡಗಣ್ಣಿಗೆ ಆ ಅಭ್ಯಾಸ ಹತ್ತಲಿಲ್ಲ.

ಚಳಿಗಾಲ ಮತ್ತೆ ಬಂತು. ಒಂದು ಶುಕ್ರವಾರ ನೂರುಲ್ಲಾ ತಾನೇ ರಜೆ ಹಾಕಿ, ಕಾರಿಗೆ ಪೆಟ್ರೋಲು ತುಂಬಿಸಿ ಬಂದು ನಿಂತ.

"ನಾಳೆ ಟೆ ಪಾಕಿಗೆ ಹೋಗೂಣು. ಉಮೈರಾನೂ ಬರ್ತಾಳ."

"ನನಗ ಆಗೂದಿಲ್ರೀ."

"ತಗೀಬ್ಯಾಡ ಫೋಟೋ. ಬರೇ ನೋಡಿ ಬರೂಣು."

ದಾರಿಯಲ್ಲಿನ ಕೈಟಾಯಾ ಊರಿನಲ್ಲಿ ರಾತ್ರಿ ಉಳಿದು, ಮರುದಿನ ಮಳೆ ಬಿಟ್ಟಮೇಲೆ ಹೊರಟರು. ಹಸಿರು ಹುಲ್ಲುಗಾವಲು, ದನಗಳು, ಮತ್ತೆ ಹುಲ್ಲುಗಾವಲು; ಒಂದು ತಿರುವು ದಾಟಿದ್ದೇ ತಡ, ಗುಡ್ಡದಷ್ಟು ಎತ್ತರದ ಮರಳು ಎದುರಿಗೆ ನಿಂತಿತು. ಉಮೈರಾ ಮರಳ ಮೇಲೆ ಜಾರಲು ಬಾಡಿಗೆಗೆ ಪಡೆದ ಹಲಗೆ ಬಗಲಲ್ಲಿಟ್ಟುಕೊಂಡು ಓಡಿದಳು. ಗಂಡ ಹೆಂಡತಿ ಹಳ್ಳ ದಾಟಿ, ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರುತ್ತಾ, ಏದುಸಿರು ಬಿಡುತ್ತಾ ಮೇಲೆ ಬಂದರು.

ಆಬಿದಾ ಸುತ್ತ ಕಣ್ಣು ಹಾಯಿಸಿದಳು. ಸೂರ್ಯ ಸಮುದ್ರದ ಕಡೆ ಬಾಗಿದ್ದ. ದಿಬ್ಬದ ಬೆನ್ನು ಚೂರಿಯ ಅಂಚಿನಂತೆ ಚೂಪಾಗಿತ್ತು; ಒಂದು ಮಗ್ಗುಲು ಬೆಲ್ಲದ ಬಣ್ಣ, ಇನ್ನೊಂದು ಮಗ್ಗುಲು ನೀಲಿ. ಗಾಳಿ ಕೊರೆದ ಸಣ್ಣ ಸಣ್ಣ ಅಲೆಗಳು, ಒಂದೊಂದು ಅಲೆಗೂ ಅದರದೇ ನೆರಳು. ಬರೇ ನೋಡಲು ಬಂದವಳ ಕೈ ತಾನಾಗಿ ಚೀಲಕ್ಕೆ ಹೋಯಿತು. ಗಂಡ ಸದ್ದಿಲ್ಲದೆ ಕ್ಯಾಮೆರಾವನ್ನೂ ಅದರೊಳಗೆ ಇಟ್ಟಿದ್ದ.

"ಬಿಸ್ಮಿಲ್ಲಾ," ಎಂದು ಬಲಗಣ್ಣನ್ನು ಕಿಂಡಿಗೆ ಒಡ್ಡಿ ಎಡಗಣ್ಣು ಮುಚ್ಚಿದಳು. ದಿಬ್ಬದ ಗೆರೆ ಚೌಕಟ್ಟಿನಲ್ಲಿ ಬಂದು ಕೂತಿತು. ಇನ್ನೇನು ಒತ್ತಬೇಕು, ಬಲ ಅಂಚಿನಿಂದ ಒಂದು ಕಪ್ಪು ಪರದೆ ಮೆಲ್ಲಗೆ ಸರಿಯತೊಡಗಿತು. ಬೆಲ್ಲದ ಬಣ್ಣವನ್ನು ಅಳಿಸುತ್ತಾ, ನಿಧಾನವಾಗಿ, ಅವತ್ತಿನಂತೆಯೇ.

ಆಬಿದಾ ಕುಸಿದು ಕೂತಳು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಕ್ಯಾಮೆರಾವನ್ನು ಹೊಟ್ಟೆಗೆ ಅವುಚಿಕೊಂಡಳು.

"ಬಂತ್ರೀ. ಮತ್ತ ಬಂತು."

"ಏನು ಬಂತು?"

"ಪರದೆ. ಬಲಗಣ್ಣಿಗೆ. ನಾ ಕುರುಡಿ ಆಗ್ತೀನ್ರೀ. ನಡೀರಿ, ದವಾಖಾನಿಗೆ ನಡೀರಿ."

ನೂರುಲ್ಲಾ ಜೇಬಿನಿಂದ ಫೋನು ತೆಗೆದು ನೋಡಿದ. ಆಸ್ಪತ್ರೆ ಎಷ್ಟೋ ದೂರ. ಫೋನಿಗೆ ಸಿಗ್ನಲ್ ಕೂಡ ಇಲ್ಲ. ಅವಳನ್ನು ಎಬ್ಬಿಸಲು ತೋಳು ಹಿಡಿದವನು, ಅವಳು ಕ್ಯಾಮೆರಾ ಹಿಡಿದಿದ್ದ ಕಡೆಗೊಮ್ಮೆ ತಲೆಯೆತ್ತಿ ನೋಡಿದ. ನೋಡಿ ಹಾಗೇ ನಿಂತ.

"ಆಬಿದಾ, ಕಣ್ಣ ತಗಿ."

"ಒಲ್ಲೆ."

"ಅದು ನನಗೂ ಕಾಣಸಾಕತ್ತೈತಿ. ಮೋಡದ ನೆಳ್ಳ ಅದು. ಮರಳಿನ ಮ್ಯಾಲ ನಡದೈತಿ."

"ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ್ರಿ," ಎಂದು ಅವಳು ಇನ್ನಷ್ಟು ಬಿಗಿಯಾಗಿ ಕಣ್ಣು ಮುಚ್ಚಿದಳು. ಸುಳ್ಳು ಹೇಳಿಯಾದರೂ ಸಮಾಧಾನ ಮಾಡುವ ಗಂಡಸು ಅವನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ಉಮೈರಾ ಮತ್ತೊಮ್ಮೆ ಜಾರಲೆಂದು ಹಲಗೆ ಎಳೆದುಕೊಂಡು ಮೇಲೆ ಬರುತ್ತಿದ್ದಳು. ಏನು ನಡೆದಿದೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ. ನೂರುಲ್ಲಾ ಕೈ ಚಾಚಿ ತೋರಿಸಿ, ಗಾಳಿಯಲ್ಲಿ ಕೇಳುವಂತೆ ಕೂಗಿದ:

"ಉಮೈರಾ, ಆ ದಿಬ್ಬದ ಮ್ಯಾಲ ಏನ್ ಕಾಣಸ್ತೈತಿ?"

ಹುಡುಗಿ ತಿರುಗಿ ನೋಡಿ ಅಪ್ಪನಿಗೆ ಹೇಳಿದಳು. "ಶ್ಯಾಡೋ. ಕ್ಲೌಡ್ ಶ್ಯಾಡೋ, ಅಬ್ಬಾ. ವೈ?"

ಆ "ವೈ"ಯಲ್ಲಿ ಕರುಣೆ ಇರಲಿಲ್ಲ, ಸಮಾಧಾನ ಇರಲಿಲ್ಲ, ಏನೂ ಇರಲಿಲ್ಲ. ಆಬಿದಾಳಿಗೆ ಬೇಕಾಗಿದ್ದದ್ದು ಅದೇ. ಮೊದಲು ಎಡಗಣ್ಣು ತೆಗೆದಳು. ನೆರಳು ದಿಬ್ಬದ ಇಳಿಜಾರಿನಲ್ಲಿತ್ತು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಉಸಿರು ಹಿಡಿದು, ಬಲಗಣ್ಣು ತೆಗೆದಳು. ಅದೇ ನೆರಳು, ಅದೇ ಜಾಗ. ನೋಡುತ್ತಿದ್ದಂತೆ ಅದು ದಿಬ್ಬ ಇಳಿದು, ಹಳ್ಳ ದಾಟಿ, ಹುಲ್ಲುಗಾವಲಿನ ಮೇಲೆ ಹೊರಟುಹೋಯಿತು. ಮರಳು ಮತ್ತೆ ಬೆಳಗಿತು, ಅಂಚಿನಿಂದ ಅಂಚಿಗೆ.

ಆಬಿದಾ ಗೊಳೋ ಎಂದು ಅತ್ತಳು. ಅಳುತ್ತಲೇ ನಗು ಬಂತು. ವಿಷಯ ತಿಳಿದ ಉಮೈರಾ ಹಲಗೆ ಬಿಸುಟು ಬಂದು ತಾಯಿಯನ್ನು ತಬ್ಬಿದಳು; ಬಿಸುಟ ಹಲಗೆ ತಾನೊಂದೇ ದಿಬ್ಬ ಜಾರಿ ಹಳ್ಳದ ದಂಡೆ ಸೇರಿತು. ನೂರುಲ್ಲಾ ಮಾತ್ರ ಸ್ವಲ್ಪ ದೂರ ಹೋಗಿ, ಬೆನ್ನು ಮಾಡಿ ಕೂತು, ಶೂನೊಳಗಿನ ಮರಳು ಕೊಡವಿದ. ಬಹಳ ಹೊತ್ತು ಕೊಡವುತ್ತಲೇ ಇದ್ದ.

ಸಮುದ್ರದ ಕಡೆಯಿಂದ ಇನ್ನೂ ಮೋಡಗಳು ಬರುತ್ತಿದ್ದವು. ಈಗ ಆಬಿದಾ ಅವಕ್ಕಾಗಿಯೇ ಕಾದಳು. ನೆರಳು ದಿಬ್ಬದ ನಡುಬೆನ್ನಿಗೆ ಬರುವವರೆಗೆ ತಡೆದು, ಅರ್ಧ ಬೆಳಕು ಅರ್ಧ ಕತ್ತಲೆಯಾದಾಗ ಒತ್ತಿದಳು. "ಬರ್ಲಿ, ಇನ್ನೊಂದು ಬರ್ಲಿ," ಎಂದು ಮೋಡವನ್ನೇ ಕರೆದಳು.

ಸೂರ್ಯ ಮುಳುಗಿದ ಮೇಲೆ ಕೆಳಗಿಳಿದು, ಹಿಮದಂಥ ಹಳ್ಳದ ನೀರಿನಲ್ಲಿ ಕೈಕಾಲು ಮುಖ ತೊಳೆದು ವಜೂ ಮಾಡಿ, ಮರಳಿನ ಮೇಲೆ ಮಗ್ರಿಬ್ ನಮಾಜು ಮುಗಿಸಿದರು. ಕೈಟಾಯಾದಲ್ಲಿ ಮೀನು ಮತ್ತು ಚಿಪ್ಸ್ ಕಟ್ಟಿಸಿಕೊಂಡು, ಹಬೆಗೆ ಗಾಜು ಮಂಜಾದ ಕಾರಿನಲ್ಲೇ ಕೂತು ತಿಂದರು. ಹಸಿವು ಎಂದರೆ ಏನೆಂದು ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು ಎಂದಳು ಆಬಿದಾ, ಮಗಳ ಪಾಲಿಗೂ ಕೈ ಹಾಕುತ್ತಾ.

ಆಕ್ಲೆಂಡಿಗೆ ಬಂದಮೇಲೆ ಡಾಕ್ಟರಮ್ಮ ಕಣ್ಣಿಗೆ ದೀಪ ಬಿಟ್ಟು ನಿಧಾನವಾಗಿ ಪರೀಕ್ಷಿಸಿ, ಪದರ ಗಟ್ಟಿಯಾಗಿ ಕೂತಿದೆ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಮರಳ ದಿಬ್ಬದ ಕತೆ ಕೇಳಿ ಅವರಿಗೂ ನಗು ತಡೆಯಲಾಗಲಿಲ್ಲ. ಆ ಚಿತ್ರವನ್ನು ತಮಗೊಂದು ಕಳಿಸಬೇಕೆಂದು ಕೇಳಿದರು.

ಹೊರಗೆ ಬಂದಾಗ ಸಣ್ಣ ಮಳೆ. "ನೀ ಇಲ್ಲೇ ನಿಂದರು, ಕಾರ್ ತರ್ತೀನಿ," ಎಂದ ನೂರುಲ್ಲಾ. ಆಬಿದಾ ಕೇಳಲಿಲ್ಲ. ದುಪಟ್ಟಾ ತಲೆಗೆ ಎಳೆದುಕೊಂಡು, ಅವನ ಪಕ್ಕದಲ್ಲೇ ಮಳೆಯಲ್ಲಿ ನಡೆದಳು, ಆ ವಾರದ ಪಾಳಿಯ ವಿಷಯ ಮಾತಾಡುತ್ತಾ.