ಅರ್ಧ ಒಬ್ಬಟ್ಟು

ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುವ ವಾಸನೆ ಬಂದರೆ ಇವತ್ತಿಗೂ ನಾನು ಮುಖ ತಿರುಗಿಸುತ್ತೇನೆ. ಒಬ್ಬಟ್ಟಿನ ತಪ್ಪಲ್ಲ. ಅದನ್ನು ತಿನ್ನಿಸುವ ನಮ್ಮವರ ಉಪಚಾರವಿದೆಯಲ್ಲ, ಅದರ ಮೇಲಿನ ಹೇಸಿಗೆ.

ತೊಂಬತ್ತರ ದಶಕದ ಕೊನೆ. ನನ್ನ ಗಂಡ ಚೆನ್ನೈನ ಅಂಬತ್ತೂರಿನಲ್ಲಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಶೂ ಕಚ್ಚಿ ಕಾಲಿನ ಕಿರುಬೆರಳಿಗಾದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಹತೋಟಿಗೆ ಬರದಿದ್ದರೆ ಬೆರಳು ಉಳಿಯುವ ಭರವಸೆ ಇಲ್ಲ ಎಂದರು ಡಾಕ್ಟರಮ್ಮ. ಆದರೆ ಸಿಹಿ ಪೂರ್ತಿ ಬಿಡಿ ಎನ್ನಲಿಲ್ಲ. ಅನ್ನ ಕಡಿಮೆ ಮಾಡಿ, ಪಲ್ಯ, ಬೇಳೆ ಹೆಚ್ಚಿಸಿ, ಆಸೆಯಾದಾಗ ಊಟದ ಕೊನೆಗೆ ಅರ್ಧ ಒಬ್ಬಟ್ಟು ನಿಧಾನವಾಗಿ ತಿನ್ನಿ ಎಂದರು. ಒಂದು ಭಾನುವಾರ ಹಾಗೇ ಮಾಡಿದೆವು. ಅರ್ಧವನ್ನು ಚೂರು ಚೂರು ಮುರಿದು ಕಾಲು ಗಂಟೆ ತಿಂದರು. "ಏಲಕ್ಕಿ ಜಾಸ್ತಿ ಆಯ್ತು ಕಣೇ" ಎಂದರು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ನನ್ನ ಒಬ್ಬಟ್ಟಿನ ರುಚಿ ಹೇಳಿದ್ದರು.

ಯುಗಾದಿಗೆ ಪರಿಚಯದ ಕನ್ನಡದವರೆಲ್ಲ ಪೆರಂಬೂರಿನ ಒಬ್ಬ ಹಿರಿಯರ ಮನೆಯಲ್ಲಿ ಸೇರುವುದು ವಾಡಿಕೆ. ಪಂಕ್ತಿಯಲ್ಲಿ ಗಂಡಸರಿಗೆ ಪಂಥ ಕಟ್ಟಿ ಒಬ್ಬಟ್ಟು ತಿನ್ನಿಸುವುದು ಆ ಹಿರಿಯರ ಖಯಾಲಿ. ಹಿಂದಿನ ವರ್ಷ ಹದಿನಾಲ್ಕು ತಿಂದು ಗೆದ್ದವರು ನನ್ನ ಗಂಡನೇ. ಈ ಸಲ ಕಾಯಿಲೆಯ ಮಾತು ಅಲ್ಲಿ ಎತ್ತಕೂಡದು ಎಂದು ಬಸ್ಸಿನಲ್ಲೇ ತಾಕೀತು ಮಾಡಿದ್ದರು. ನಲವತ್ತಕ್ಕೇ ಮುದುಕನಾದ ಎಂದಾರು ಎಂಬ ನಾಚಿಕೆ.

ಬಡಿಸುವ ತಟ್ಟೆ ನನ್ನ ಕೈಯಲ್ಲೇ ಇತ್ತು. ಅರ್ಧ ಮುರಿದು ಹಾಕಹೋದೆ.

"ಏನಮ್ಮಾ, ಕಟ್ಟಿಕೊಂಡ ಗಂಡನಿಗೇ ಕೈ ಬಿಗಿ ಹಿಡಿತೀಯಲ್ಲ" ಎಂದರು ಹಿರಿಯರು. "ಪರವಾಯಿಲ್ಲ, ನಾಲ್ಕು ಹಾಕು. ಹೋದ ವರ್ಷ ಗೆದ್ದ ಹುಲಿ ಅದು."

ಗಂಡ ತಲೆಯೆತ್ತಲಿಲ್ಲ. ನಾನು ಹಾಕಿದೆ. ಮತ್ತೆ ಹಾಕಿದೆ. ಹನ್ನೊಂದರವರೆಗೂ ಹಾಕಿದೆ. ಅಗಿಯದೆ ನುಂಗುತ್ತಿದ್ದರು. ತುಪ್ಪ ಮೊಣಕೈವರೆಗೆ ಇಳಿದಿತ್ತು, ಹೂರಣ ಗಲ್ಲಕ್ಕೆ ಮೆತ್ತಿತ್ತು, ಪಂಕ್ತಿಯವರು ನಗುತ್ತಿದ್ದರು. ದನದ ಬಾಯಿಗೆ ಬಿದಿರಿನ ಗೊಟ್ಟ ತುರುಕಿ ಔಷಧಿ ಕುಡಿಸುವವರಿಗೂ ಇದಕ್ಕಿಂತ ಕರುಣೆ ಇರುತ್ತದೆ. ಹಿರಿಯರ ಎಲೆಯಲ್ಲಿ ಮಾತ್ರ ಅರ್ಧ ಒಬ್ಬಟ್ಟು ಆರಿಕೊಂಡು ಬಿದ್ದಿತ್ತು. ಹುರಿದುಂಬಿಸುವ ಗಡಿಬಿಡಿಯಲ್ಲಿ ತಿನ್ನಲು ಮರೆತಿದ್ದಾರೆ ಎಂದುಕೊಂಡೆ.

ವಾಪಸ್ಸು ಬರುವಾಗ ಬಸ್ ಸ್ಟಾಪಿನಲ್ಲಿ ಗಂಡ ಮೋರಿಗೆ ಬಗ್ಗಿ ಎಲ್ಲವನ್ನೂ ಕಕ್ಕಿದರು. ಬೆನ್ನು ನೀವುತ್ತ ನಿಂತ ನನಗೆ ಅವರ ಮೇಲೆ, ಆ ಪಂಕ್ತಿಯ ಮೇಲೆ, ತುಪ್ಪದ ಜಿಡ್ಡು ಹೋಗದ ನನ್ನ ಕೈಗಳ ಮೇಲೆ ಅಸಹ್ಯವಾಯಿತು. ಬಾಯಿ ಒರೆಸಿಕೊಂಡು, "ಒಂದರದ್ದೂ ರುಚಿ ಗೊತ್ತಾಗಲಿಲ್ಲ ಕಣೇ" ಎಂದರು.

ಮರುವರ್ಷ ಅದೇ ಪಂಕ್ತಿ, ಅದೇ ತಟ್ಟೆ. ಬೆರಳು ಉಳಿದಿತ್ತು, ಉಗುರು ಹೋಗಿತ್ತು. ಹಿರಿಯರು ಬಾಯಿ ತೆರೆಯುವ ಮೊದಲೇ ಎಲ್ಲರಿಗೂ ಕೇಳುವಂತೆ ಹೇಳಿದೆ, "ಇವರಿಗೆ ಸಕ್ಕರೆ ಕಾಯಿಲೆ. ಅರ್ಧವೇ ಹಾಕೋದು."

ಗಂಡನ ಮುಖ ಕಪ್ಪಿಟ್ಟಿತು. ಸಾರಿನ ಪಾತ್ರೆ ಹಿಡಿದು ಬಂದ ಹಿರಿಯರ ಹೆಂಡತಿ, "ಅದಕ್ಯಾಕಮ್ಮಾ ಸಂಕೋಚ? ನಮ್ಮವರಿಗೂ ಅರ್ಧವೇ ಹಾಕು" ಎಂದರು. "ಹತ್ತು ವರ್ಷದಿಂದ ಮಾತ್ರೆ ನುಂಗ್ತಿದಾರೆ. ಅರ್ಧದ ಮೇಲೆ ಒಂದು ಚೂರೂ ಮುಟ್ಟಲ್ಲ."

ಹಿರಿಯರು ಎಲೆಯ ಮೂಲೆಯ ಉಪ್ಪನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದರು. ತನ್ನ ಬಾಯಿಗೆ ಬೀಗ ಹಾಕಿಕೊಂಡು ಇನ್ನೊಬ್ಬರ ಬಾಯಲ್ಲಿ ಹಬ್ಬ ಮಾಡುತ್ತಿದ್ದ ಮನುಷ್ಯ. ಒಂದೇ ಒಬ್ಬಟ್ಟನ್ನು ಮುರಿದು ಅರ್ಧ ಅವರಿಗೆ, ಅರ್ಧ ನನ್ನ ಗಂಡನಿಗೆ ಬಡಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದೆ.