ಮೋಟಾರು ಸುತ್ತುವ ಪಂಢರಿನಾಥರ ಮೂರು ಬೆರಳು

ಬೆಳಗಿನ ಐದೂಕಾಲು. ಚೆನ್ನೈನ ಪಲ್ಲಾವರಂ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದೇ ಒಂದು ಶಟರು ಅರ್ಧ ಮೇಲೆದ್ದಿದೆ. ಒಳಗೆ ತಗಡಿನ ಡ್ರಮ್ಮೊಂದಕ್ಕೆ ಗೋಣಿಚೀಲ ಹೊದೆಸಿಟ್ಟಿದೆ. ಚೀಲದ ಸಂದಿಯಿಂದ ಹಳದಿ ಬೆಳಕು ಸೋರುತ್ತಿದೆ. ಡ್ರಮ್ಮಿನೊಳಗೆ ಇನ್ನೂರು ವಾಟಿನ ಎರಡು ಬಲ್ಬು. ಅವುಗಳ ಶಾಖದಲ್ಲಿ ಒಂದು ನೀರಿನ ಪಂಪಿನ ಮೋಟಾರು ಹದವಾಗಿ ಬೇಯುತ್ತಿದೆ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಸುರಿದು, ಹೀಗೆ ಒಣಗಿಸಿದರೇ ಮೋಟಾರಿಗೆ ಮತ್ತೆ ಜೀವ.

ಪಂಢರಿನಾಥರು ಚೀಲ ಸರಿಸುತ್ತಾರೆ. ಬಲಗೈ ಒಳಗಿಟ್ಟು ಮೋಟಾರನ್ನು ಎತ್ತಿ ಮೇಜಿನ ಮೇಲಿಡುತ್ತಾರೆ. ಮೇಲೆ ವಿಮಾನವೊಂದು ಓಣಿಯ ತಗಡುಗಳನ್ನೆಲ್ಲ ನಡುಗಿಸುತ್ತ ಇಳಿಯುತ್ತದೆ. ಅವರು ತಲೆ ಎತ್ತುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂಗು ಅರಳಿಸುತ್ತಾರೆ. ಏನೋ ಸುಟ್ಟ ವಾಸನೆ. ಮೋಟಾರನ್ನು ಮೂಸುತ್ತಾರೆ, ಬಲ್ಬಿನ ವೈರನ್ನು ಮೂಸುತ್ತಾರೆ. ಕೊನೆಗೆ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರರ ತುದಿಯೂ ಕೆಂಪಗೆ ಬೆಂದಿದೆ.

"ಈಗೀಗ ಹೀಗೇ. ವಾಸನೆ ಬಂದ್ಮೇಲೆ ಗೊತ್ತಾಗ್ತದೆ, ನೋವೇ ಇಲ್ಲ" ಎಂದು ನಗುತ್ತಾರೆ. "ಒಂಥರಾ ಲಾಭಾನೇ ಅನ್ಕೊಳ್ಳಿ."

ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಐವತ್ತನಾಲ್ಕು ವರ್ಷದ ಈ ಮನುಷ್ಯನ ಇಡೀ ಸಂಪಾದನೆ ಆ ಮೂರು ಬೆರಳುಗಳ ತುದಿಯಲ್ಲಿದೆ. ಮೂವತ್ತಾರು ವರ್ಷದಿಂದ ಅವು ಕೂದಲೆಳೆಯಷ್ಟು ತೆಳ್ಳನೆಯ ತಂತಿಯನ್ನು ಸವರಿ, ಅದರ ಮೇಲಿನ ಲೇಪ ಎಲ್ಲಿ ಕೆರೆದಿದೆ ಎಂದು ಹೇಳುತ್ತ ಬಂದಿವೆ. ಒಂದೇ ಒಂದು ಕಡೆ ಲೇಪ ಎದ್ದಿದ್ದರೂ ಸಾಕು, ಒಳಗೆ ಕರೆಂಟು ಅಡ್ಡದಾರಿ ಹಿಡಿದು ಮೋಟಾರು ಮತ್ತೆ ಸುಡುತ್ತದೆ. ಇದನ್ನು ಪತ್ತೆಹಚ್ಚುವ ಮೀಟರು ಅಂಗಡಿಯಲ್ಲಿದೆ, ಕಪಾಟಿನ ಮೇಲೆ, ದೂಳು ಹಿಡಿದು. ಪಂಢರಿನಾಥರು ಅದನ್ನು ಬಳಸಿದವರಲ್ಲ.

ಇವರ ತಾತ ಬಳ್ಳಾರಿ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಮದ್ರಾಸಿಗೆ ಬಂದವರು. ತಂದೆ ವಿಮಾ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಡಿಗ್ರಿ ಎಂದರೆ ಜನಿವಾರದಷ್ಟೇ ಕಡ್ಡಾಯ. ಅಣ್ಣ ಮಧುಸೂದನ್ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದರು. ತಮ್ಮ ಪಂಢರಿನಾಥರು ಪ್ಲಸ್ ಟೂ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಪರೀಕ್ಷೆಗೆ ಹೋಗುವ ಬದಲು ಕ್ರೋಂಪೇಟೆಯ ಮೋಟಾರು ಅಂಗಡಿಯೊಂದಕ್ಕೆ ಹೋಗಿ ಕೂತರು.

"ಅಪ್ಪ ನನ್ನ ಬೈಲಿಲ್ಲ. ಅದೇ ಕಷ್ಟ ಆಗಿದ್ದು" ಎನ್ನುತ್ತಾರೆ. "ಮಠದಲ್ಲಿ ಪಂಕ್ತೀಲಿ ಕೂತಾಗ ಯಾರಾದ್ರೂ ಸಣ್ಣ ಮಗ ಏನ್ ಮಾಡ್ತಾನೆ ಅಂತ ಕೇಳಿದ್ರೆ, 'ಎಲೆಕ್ಟ್ರಿಕಲ್ ಲೈನಲ್ಲಿದಾನೆ' ಅಂತಿದ್ರು. ಅಲ್ಲಿಗೆ ಮಾತು ಮುಗೀತು. ಸಾಯೋವರೆಗೂ ಈ ಅಂಗಡಿ ಒಳಗೆ ಕಾಲಿಟ್ಟಿಲ್ಲ ಅವರು."

ದಿನಕ್ಕೆ ಎರಡು ಮೋಟಾರು ಇವರ ಲೆಕ್ಕ. ಚಿಕ್ಕದಕ್ಕೆ ಮೂರು ತಾಸು, ಅಪಾರ್ಟ್‌ಮೆಂಟಿನ ದೊಡ್ಡ ಪಂಪಿಗೆ ಇಡೀ ದಿನ. ತಂತಿ, ವಾರ್ನಿಷ್, ಬಾಡಿಗೆ ಎಲ್ಲ ಕಳೆದು ತಿಂಗಳಿಗೆ ಮೂವತ್ತು, ಮೂವತ್ತೆರಡು ಸಾವಿರ ಉಳಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಡಿಸೆಂಬರಿನಲ್ಲಿ ಮಳೆ ಬಂದು ಬೇಸ್‌ಮೆಂಟುಗಳೆಲ್ಲ ತುಂಬಿದರೆ ಓಣಿಯ ತುಂಬ ಕೆಸರು ಮೆತ್ತಿದ ಮೋಟಾರುಗಳ ಸಾಲು. "ಊರು ಮುಳುಗಿದ್ರೆ ನಮಗೆ ಸೀಸನ್ನು. ಹೇಳ್ಕೊಳ್ಳೋಕೆ ನಾಚಿಕೆ ಆಗ್ತದೆ, ಆದ್ರೆ ಸುಳ್ಳಲ್ಲ."

ಮಗಳು ವೃಂದಾಳಿಗೆ ಇಪ್ಪತ್ತನಾಲ್ಕು. ಎಲೆಕ್ಟ್ರಿಕಲ್‌ನಲ್ಲಿ ಬಿ.ಇ. ಮಾಡಿದ್ದಾಳೆ, ಫಸ್ಟ್ ಕ್ಲಾಸು. ನಾಲ್ಕು ವರ್ಷದ ಫೀಸೆಲ್ಲ ಈ ಅಂಗಡಿಯದೇ ದುಡ್ಡು. ಅವಳು ದಿನಾ ಲೋಕಲ್ ಟ್ರೇನು ಹತ್ತಿ ಗಿಂಡಿಯ ಒಂದು ಆಫೀಸಿಗೆ ಹೋಗುತ್ತಿದ್ದಳು. ಅಲ್ಲಿ ಯಾರ್ಯಾರದೋ ಬಿಲ್ಲಿನ ಫೋಟೊ ನೋಡಿ ಅದರ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ. ಕೈಗೆ ಬರುತ್ತಿದ್ದುದು ಹದಿನೇಳು ಸಾವಿರದ ಎಂಟುನೂರು. ಅವಳ ಕ್ಲಾಸಿನ ಅರವತ್ತು ಜನರಲ್ಲಿ ಓದಿದ್ದಕ್ಕೂ ಮಾಡುವುದಕ್ಕೂ ಸಂಬಂಧವಿರುವವರು ಏಳೇ ಏಳು ಜನ ಎಂದು ಅವಳೇ ಎಣಿಸಿ ಹೇಳುತ್ತಾಳೆ.

ಹಾಗಿದ್ದರೆ ಕೈಕಸುಬೇ ಗೆದ್ದಿತು ಎಂದುಕೊಳ್ಳುವವರು ಮಧುಸೂದನರ ಮಾತನ್ನೂ ಕೇಳಬೇಕು. "ನಾನು ಮಲಗಿದ್ರೂ ತಿಂಗಳ ಕೊನೇಲಿ ಪೆನ್ಷನ್ ಬರ್ತದೆ" ಎನ್ನುತ್ತಾರೆ ಬ್ಯಾಂಕಿನಿಂದ ನಿವೃತ್ತರಾದ ಅವರು. "ಇವನಿಗೆ ಕೂತ್ರೂ ಬರಲ್ಲ, ನಿಂತ್ರೂ ಬರಲ್ಲ. ಸುತ್ತಿದ್ರೆ ಮಾತ್ರ. ಹಾಗಂತ ನನ್ನ ಕೆಲಸ ಇವತ್ತು ಯಾವ ಬಿ.ಕಾಂ.ಗೂ ಸಿಗಲ್ಲ ಬಿಡಿ."

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೈ ಜೋಮು ಹಿಡಿದಂತಾಯಿತು. ಪಂಢರಿನಾಥರು ಕೊಡವಿಕೊಂಡು ಕೆಲಸಕ್ಕೆ ಕೂತರು. ಆಮೇಲೆ ಕಾಫಿ ಲೋಟ ಜಾರತೊಡಗಿತು. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯಿತು. ಹೆಂಡತಿ ಲಕ್ಷ್ಮೀಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಗುಂಡಿಯಿಲ್ಲದ ಬನಿಯನ್ ಹಾಕಿಕೊಂಡು ಅಂಗಡಿಗೆ ಬರಲು ಶುರುಮಾಡಿದರು.

ಕಳೆದ ತಿಂಗಳು ಒಂದು ಮೋಟಾರು ವಾಪಸ್ ಬಂತು. ಕೊಟ್ಟು ಹನ್ನೊಂದೇ ದಿನ, ಒಳಗೆಲ್ಲ ಕಪ್ಪು. ಅದೇ ವಾರ ಇನ್ನೊಂದು. ಆಮೇಲೆ ಮೂರನೆಯದು. ಈ ಕಸುಬಿನಲ್ಲಿ 'ರಿಟರ್ನ್' ಎನ್ನುವುದು ಬೈಗುಳಕ್ಕಿಂತ ಕೆಟ್ಟ ಮಾತು. ಅದುವರೆಗೆ ಅವರ ಅಂಗಡಿಗೆ ವರ್ಷಕ್ಕೊಂದು ಬಂದರೆ ಹೆಚ್ಚು. ಪಂಢರಿನಾಥರ ಕೋಪ ನೇರ ತಂತಿಯ ಮೇಲೆ ಹೋಯಿತು. ಉಳಿದ ತಂತಿಯ ಸುರುಳಿಯನ್ನು ಚೀಲಕ್ಕೆ ಹಾಕಿಕೊಂಡು ಪ್ಯಾರೀಸ್ ಕಾರ್ನರಿಗೆ ಹೋದರು. ಅಲ್ಲಿನ ಸಗಟು ಅಂಗಡಿಯ ಕದಿರವೇಲು ಇವರಿಗೆ ಇಪ್ಪತ್ತು ವರ್ಷದಿಂದ ತಂತಿ ಕೊಡುವವರು.

"ಗಿರಾಕಿಗಳ ಮುಂದೇನೇ ಕೂಗಾಡಿಬಿಟ್ಟೆ. ಕಲಬೆರಕೆ ಮಾಲು ಕೊಡ್ತೀಯಾ ಅಂತ. ಬಾಯಿಗೆ ಬಂದಿದ್ದೆಲ್ಲ ಅಂದೆ."

ಕದಿರವೇಲು ತಂತಿಯ ದಪ್ಪ ಅಳೆದು ತೋರಿಸಿದರು. ಲೇಪ ಪರೀಕ್ಷಿಸಿ ತೋರಿಸಿದರು. ಎಲ್ಲ ಸರಿಯಿತ್ತು. ಆಮೇಲೆ ಟೀ ತರಿಸಿದರು. ಪಂಢರಿನಾಥರ ಕೈಯಿಂದ ಗ್ಲಾಸು ಜಾರಿ ಬಿಲ್ ಪುಸ್ತಕದ ಮೇಲೆ ಬಿತ್ತು. ಕದಿರವೇಲು ಪುಸ್ತಕ ಒರೆಸುತ್ತ ಮೆಲ್ಲಗೆ ಹೇಳಿದರು: "ಕಂಬಿ ನಲ್ಲಾ ಇರುಕ್ಕು ಅಣ್ಣೇ. ಕೈಯೈ ಪಾರುಂಗೋ." ತಂತಿ ಚೆನ್ನಾಗಿಯೇ ಇದೆ, ಕೈಯನ್ನು ನೋಡಿಕೊಳ್ಳಿ.

ವಾಪಸ್ ಬರುವಾಗ ತಾಂಬರಂ ಟ್ರೇನಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತು ಬಂದರಂತೆ.

ಸರಕಾರಿ ಆಸ್ಪತ್ರೆಯ ಡಾಕ್ಟರು ಮಣಿಕಟ್ಟು ತಟ್ಟಿ ನೋಡಿ, ನರ ಒತ್ತಿಕೊಂಡಿದೆ ಎಂದರು. ಆಪರೇಷನ್ ಮಾಡಿದರೆ ಇನ್ನಷ್ಟು ಕೆಡುವುದು ನಿಲ್ಲಬಹುದು. ಹೋದ ಸ್ಪರ್ಶ ಪೂರ್ತಿ ಮರಳುತ್ತದೆ ಎಂದು ಮಾತು ಕೊಡಲಾರೆ ಎಂದರು. ಆಪರೇಷನ್ ಆದಮೇಲೆ ಎರಡು ತಿಂಗಳು ತಂತಿ ಮುಟ್ಟುವಂತಿಲ್ಲ.

"ನೀರಿಲ್ದೆ ಎರಡ್ ತಾಸು ಯಾರೂ ಇರಲ್ಲ. ನನಗೋಸ್ಕರ ಎರಡ್ ತಿಂಗಳು ಇರ್ತಾರಾ?" ಎಂದು ಪಂಢರಿನಾಥರು ಕೇಳುತ್ತಾರೆ. "ಶಟರ್ ಇಳಿಸಿದ್ರೆ ಗಿರಾಕಿ ಇನ್ನೊಂದ್ ಅಂಗಡಿ ಹುಡುಕ್ತಾನೆ. ಹೋದೋನು ತಿರುಗಿ ಬರಲ್ಲ."

ಆಸ್ಪತ್ರೆಯ ಚೀಟಿಯನ್ನು ಅಂಗಡಿಯಲ್ಲಿ ಬಚ್ಚಿಟ್ಟರು, ಕಪಾಟಿನ ಮೇಲಿದ್ದ ಆ ಮೀಟರಿನ ಕೆಳಗೆ. ಅದೊಂದು ತಪ್ಪಾಯಿತು. ವಾಪಸ್ ಬಂದ ಮೋಟಾರುಗಳನ್ನು ಪರೀಕ್ಷಿಸಲು ಒಂದು ಭಾನುವಾರ ವೃಂದಾ ಮೀಟರು ಇಳಿಸಿದಳು. ಚೀಟಿ ಕಾಲ ಬಳಿ ಬಿತ್ತು. ಅದನ್ನು ಹಿಡಿದು ಮನೆಗೆ ಬಂದಳು.

ಆ ಭಾನುವಾರದ ಜಗಳವನ್ನು ಮನೆಯವರೆಲ್ಲ ಒಬ್ಬೊಬ್ಬರು ಒಂದೊಂದು ರೀತಿ ನೆನೆಸಿಕೊಳ್ಳುತ್ತಾರೆ. ಶುರುವಾಗಿದ್ದು ಮಾತ್ರ ಹೀಗೆ.

"ನಾನು ನೋಡ್ಕೋತೀನಿ ಅಪ್ಪಾ ಅಂಗಡೀನ. ನೀವು ಆಪರೇಷನ್ ಮಾಡಿಸ್ಕೊಳ್ಳಿ."

"ಬಿ.ಇ. ಓದಿ ತಂತಿ ಸುತ್ತೋದಾದ್ರೆ ಯಾಕಮ್ಮಾ ಓದ್ಬೇಕಿತ್ತು?"

"ಬಿ.ಇ. ಓದಿ ಬಿಲ್ ಟೈಪ್ ಮಾಡ್ಬಹುದಾ? ಅದು ಓಕೇನಾ?"

"ಅದು ಆಫೀಸು ಕಣೇ."

"ಏಸಿ ಇರುಕ್ಕು, ಅವ್ಳೋದಾನ್" ಎಂದಳು ವೃಂದಾ. ಏಸಿ ಇದೆ, ಅಷ್ಟೇ. ಕೋಪ ಬಂದರೆ ಅವಳಿಗೆ ತಮಿಳೇ ಬರುವುದು.

"ಹುಡುಗನ ಕಡೆಯವ್ರು ಕೇಳಿದ್ರೆ ನಾನೇನ್ ಹೇಳ್ಲಿ?" ಎಂದು ಲಕ್ಷ್ಮೀ ಅಡುಗೆಮನೆಯಿಂದ ಬಂದರು.

"ಎಲೆಕ್ಟ್ರಿಕಲ್ ಲೈನಲ್ಲಿದಾಳೆ ಅಂತ ಹೇಳು. ತಾತನ ಡೈಲಾಗ್ ಇದೆಯಲ್ಲ."

ಲಕ್ಷ್ಮೀಗೆ ನಗು ಬಂತು. ಪಂಢರಿನಾಥರಿಗೆ ಬರಲಿಲ್ಲ. "ಎರಡೇ ತಿಂಗಳು ಅಂತ ಬರ್ತಾಳೆ. ಆಮೇಲೆ ಆ ಕೆಲಸಾನೂ ಇರಲ್ಲ, ಇಲ್ಲೇ ಉಳೀತಾಳೆ. ವಾರ್ನಿಷ್ ಹೊಗೆ ಕುಡ್ಕೊಂಡು. ಐವತ್ತಾಗೋಷ್ಟ್ರಲ್ಲಿ ನನ್ನ ಕೈ ಇವಳಿಗೂ ಬರ್ತದೆ. ನನಗೇನೂ ಆಗಿಲ್ಲ, ಬೆರಳು ಚೆನ್ನಾಗೇ ಇದೆ" ಎಂದು ಎದ್ದರು.

ವೃಂದಾ ಅಪ್ಪನ ಚೀಲದಿಂದ ಎರಡು ತುಂಡು ತಂತಿ ತಂದಳು. ಒಂದರ ಲೇಪವನ್ನು ಬ್ಲೇಡಿನಿಂದ ಕೆರೆದಳು. "ಕಣ್ಮುಚ್ಚಿ ಅಪ್ಪಾ." ಒಂದೊಂದಾಗಿ ಅವರ ಬಲಗೈಯ ತೋರುಬೆರಳಿನ ಕೆಳಗೆ ಎಳೆದಳು. ಯಾವುದು ಕೆರೆದಿದ್ದು?

ಪಂಢರಿನಾಥರು ತುಂಬ ಹೊತ್ತು ತೆಗೆದುಕೊಂಡರು. "ಎರಡೂ ಒಂದೇ. ಎರಡೂ ಸರಿಯಾಗಿದೆ."

ಅವಳು ಅವರ ಎಡಗೈ ಹಿಡಿದು ಅದೇ ತಂತಿಗಳನ್ನು ಮತ್ತೆ ಎಳೆದಳು. ಎರಡನೆಯದನ್ನು ಎಳೆಯುತ್ತಿದ್ದಂತೆ ಎಡಗೈ ಕೆರೆದ ಜಾಗವನ್ನು ತಟ್ಟನೆ ಹಿಡಿಯಿತು. ಅವರು ಕಣ್ಣು ತೆರೆದರು. ಲಕ್ಷ್ಮೀ ಒಲೆಯ ಮೇಲೆ ಹಾಲಿಟ್ಟಿದ್ದು ಉಕ್ಕಿತು, ಯಾರೂ ಏಳಲಿಲ್ಲ.

ಮರುದಿನ ವೃಂದಾ ಆಫೀಸಿಗೆ ರಾಜೀನಾಮೆ ಕಳಿಸಿದಳು.

ಈಗ ಬೆಳಿಗ್ಗೆ ಏಳಾಗಿದೆ. ಸುಟ್ಟ ಬೆರಳುಗಳಿಗೆ ವೃಂದಾ ಮುಲಾಮು ಹಚ್ಚಿ ಬಟ್ಟೆ ಸುತ್ತಿದ್ದಾಳೆ. ಅವಳ ಮುಂದೆ ಒಂದು ಅಪಾರ್ಟ್‌ಮೆಂಟಿನ ಪಂಪು. ಅಲ್ಲಿನ ಮೂವತ್ತೆರಡು ಮನೆಗಳಿಗೆ ನಿನ್ನೆಯಿಂದ ನೀರಿಲ್ಲ. ಅಪ್ಪ ಸ್ಟೂಲಿನ ಮೇಲೆ, ಕೈ ಮಡಿಲಲ್ಲಿಟ್ಟುಕೊಂಡು. ಅವಳು ತಂತಿಯನ್ನು ಸಂದಿಗೆ ಇಳಿಸಿ ಬಿದಿರಿನ ಚಕ್ಕೆಯಿಂದ ಒತ್ತುತ್ತಾಳೆ.

"ಒತ್ಬೇಡ. ಕೂರಿಸು" ಎನ್ನುತ್ತಾರೆ.

"ಕೂರಿಸ್ತಾನೇ ಇದೀನಿ."

"ಅದು ಒತ್ತೋದು. ಬಿಚ್ಚು, ಮೊದಲಿಂದ ಮಾಡು."

ಅವಳು ಏನೋ ಗೊಣಗಿ ಬಿಚ್ಚುತ್ತಾಳೆ. ಮೂರು ಸಲ ಬಿಚ್ಚಿಸುತ್ತಾರೆ. ನಾಲ್ಕನೇ ಸಲ ಸುಮ್ಮನಿರುತ್ತಾರೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಬಂದು ಇಣುಕಿ, ಮೇಸ್ತ್ರಿ ಎಲ್ಲಿ ಎಂದು ತಮಿಳಿನಲ್ಲಿ ಕೇಳುತ್ತಾನೆ. ಪಂಢರಿನಾಥರು ಬಟ್ಟೆ ಸುತ್ತಿದ ಕೈಯಿಂದ ಮಗಳ ಕಡೆ ತೋರಿಸುತ್ತಾರೆ. ವಾಚ್‌ಮನ್ ನಂಬದೆ ಅಲ್ಲೇ ನಿಲ್ಲುತ್ತಾನೆ.

ಸೋಮವಾರ ಆಪರೇಷನ್. ಅಂಗಡಿಯ ಗಳಿಕೆ ಮೂವತ್ತು ಸಾವಿರದಲ್ಲೇ ನಿಲ್ಲುತ್ತದೋ, ಅವಳ ಹಳೆಯ ಸಂಬಳದ ಹದಿನೇಳಕ್ಕೂ ಇಳಿಯುತ್ತದೋ ಇಬ್ಬರಿಗೂ ಗೊತ್ತಿಲ್ಲ. ಸುತ್ತಲು ಕಲಿಯುವುದಕ್ಕೇ ತಮಗೆ ನಾಲ್ಕು ವರ್ಷ ಹಿಡಿಯಿತು ಎನ್ನುತ್ತಾರೆ ಅಪ್ಪ. ಅವಳಿಗಿರುವುದು ಎರಡು ತಿಂಗಳು.

ಮಗಳಿಂದ ಏನಾದರೂ ಆಸೆಯಿದೆಯೇ ಎಂದರೆ ಪಂಢರಿನಾಥರು, ಅವಳು ನೀರು ಕುಡಿಯಲು ಹೊರಗೆ ಹೋಗುವವರೆಗೆ ಕಾಯುತ್ತಾರೆ.

"ಹೆಸರು ಉಳಿಸು, ಅಂಗಡಿ ಬೆಳೆಸು, ಅದೆಲ್ಲ ನಾನು ಕೇಳಲ್ಲ" ಎನ್ನುತ್ತಾರೆ. "ಅವಳ ಕೈಗೆ ಏನಾದ್ರೂ ಆದ್ರೆ, ಒಂದ್ ಚೂರು ಜೋಮು ಹಿಡಿದ್ರೂ, ಮೊದಲನೇ ದಿನಾನೇ ನನಗೆ ಹೇಳ್ಬೇಕು. ನಾನು ಎರಡು ವರ್ಷ ಯಾರಿಗೂ ಹೇಳ್ಲಿಲ್ಲ. ಅವಳು ಹೇಳ್ಬೇಕು. ಅಷ್ಟೇ ಸಾಕು."