ಕಾಕುವಿನ ರೊಟ್ಟಿ ಮಷೀನು, ತಂಗಿಯ ಗಾಳಿಪಟ

ತಂಗಿಯ ಗಾಳಿಪಟ ಹೊತ್ತು ಕಡಲಿಗೆ ಹೊರಟವನು ದಾರಿಯಲ್ಲಿ ತಿಕೋಟಾದ ಚಿಕ್ಕಪ್ಪನ ಮನೆಗೆ ಬಂದಿದ್ದೇನೆ. ಇದು ಕೈಟ್‌ಸರ್ಫಿಂಗ್‌ನ ದೊಡ್ಡ ಪಟ; ಇದು ಎಳೆದಂತೆ ಅವಳು ಹಲಗೆಯ ಮೇಲೆ ನಿಂತು ಅಲೆಗಳ ಮೇಲೆ ಓಡುತ್ತಾಳೆ. ಪಟವನ್ನು ಬಿಗಿಯಾಗಿ ನಿಲ್ಲಿಸುವ ಪ್ಲಾಸ್ಟಿಕ್ ಗಾಳಿಕೊಳವೆಯ ಅಂಚು ಬಿಚ್ಚಿಕೊಂಡಿದೆ. ನೀರಿನ ನಡುವೆ ಸೋರಿದರೆ ದಡದವರೆಗೆ ಈಜುವುದೊಂದೇ ಗತಿ.

ಕಾಕು, ಅಂದರೆ ಚಿಕ್ಕಮ್ಮ, ಕಡಕ್ ರೊಟ್ಟಿ ಮಾರುವವರು. ಪೊಟ್ಟಣದ ಬಾಯಿಯನ್ನು ಕಾವಿನಿಂದ ಬೆಸೆಯುವ ಮಷೀನು ಅವರಲ್ಲಿದೆ.

"ಮಷೀನು ಸುಟ್ಟಗಿಟ್ಟೀಯೋ ತಮ್ಮಾ, ನಾಳೆ ಮದುವಿ ಮನಿಗೆ ರೊಟ್ಟಿ ಕಳಸೋದೈತಿ," ಎಂದರು.

ಕಾವು ಕಡಿಮೆಯಾದರೆ ಅಂಟುವುದಿಲ್ಲ, ಹೆಚ್ಚಾದರೆ ತೂತು. ಉಸಿರು ಬಿಗಿಹಿಡಿದು ಹಿಡಿಕೆ ಒತ್ತಿದೆ. ಅಂಚು ಕೂಡಿಕೊಂಡಿತು. ಅಂಗಳದ ಬಿಸಿಲಲ್ಲಿ ಗಾಳಿ ತುಂಬಿದಾಗ ಕೊಳವೆ ಗಟ್ಟಿಯಾಗಿ ನಿಂತಿತು. ಒಳಗೆ ತಂದಾಗ ಬಾಗಿಲಿನಿಂದ ಅಡುಗೆಮನೆವರೆಗೂ ಚಾಚಿತು. ಅದರ ಪಕ್ಕದಲ್ಲೇ ಊಟಕ್ಕೆ ಕೂತೆ.

ಎರಡನೇ ರೊಟ್ಟಿ ಮುರಿಯುವಾಗ ನೋಡುತ್ತೇನೆ, ಕೊಳವೆ ಮೆತ್ತಗಾಗಿದೆ.

"ಸೋರಾಕತ್ತೈತೇನೋ?" ಎಂದರು ಕಾಕು.

"ನೆರಳಿನ ತಂಪಿಗೆ ಗಾಳಿ ಕುಗ್ಗಿರಬೇಕ್ರಿ," ಎಂದೆ. ನನ್ನ ಮಾತನ್ನು ನಾನೇ ನಂಬಲಿಲ್ಲ.

ಎಂಜಲು ಕೈಯಲ್ಲೇ ಒಂದು ತುದಿ ಎತ್ತಿದೆ, ಇನ್ನೊಂದನ್ನು ಕಾಕು ಹಿಡಿದರು. ಮತ್ತೆ ಗಾಳಿ ತುಂಬದೆ ಹಾಗೇ ಬಿಸಿಲಿಗೆ ತಂದೆವು. ಕಾದು ಬಿಗಿಯಾದರೆ ಬೆಸುಗೆ ನಿಂತಿದೆ ಎಂದರ್ಥ. ಆಗದಿದ್ದರೆ ಸೋರುತ್ತಿದೆ ಎಂದು. ಇಬ್ಬರೂ ಅದರ ಮೇಲೆ ಅಂಗೈ ಇಟ್ಟು ನಿಂತೆವು.

ಸ್ವಲ್ಪ ಹೊತ್ತಿಗೆ ಕಾಕು ಒತ್ತಿ ನೋಡಿದರು. "ಬಿಗಿ ಆಗಾಕತ್ತೈತಿ ನೋಡೋ. ನೀನೂ ಒತ್ತು."

ನಾನು ಅಂಗೈ ಇಟ್ಟೇ ಇದ್ದೆ. ಒತ್ತುವ ಧೈರ್ಯ ಬರಲಿಲ್ಲ.